ನಿರೂಪಕಿಯ ನೀಲಿ ಕಪ್

ಮತ್ತೆ ಎತ್ತಿದಳು, ಆ ನೀಲಿ ಕಪ್ಪನ್ನು ತುಟಿಯ ತನಕ ಎತ್ತಿ, ಒಂದು ಗುಟುಕು ಕುಡಿದವಳಂತೆ ಕಣ್ಣು ಅರೆ ಮುಚ್ಚಿ ಮೇಜಿನ ಮೇಲಿಟ್ಟಳು, ಗಂಟಲು ಅಲುಗಲಿಲ್ಲ, ಅಥವಾ ಅಲುಗಿತೇನೋ, ಅಷ್ಟರಲ್ಲಿ ಕ್ಯಾಮೆರಾ ಪಕ್ಕದ ವಕೀಲೆಯ ಕಡೆ ತಿರುಗಿಬಿಟ್ಟಿತು — ಹಾಲ್‌ನಲ್ಲಿ ಒಬ್ಬಳೇ ಕೂತು ಟಿವಿ ನೋಡುತ್ತಿದ್ದವಳಿಗೆ ಈ ಮಧ್ಯಾಹ್ನವೂ ಅದು ತಪ್ಪಿಹೋಯಿತು, ನಾವು ಹೆಂಗಸರು, ಎನ್ನುತ್ತಿದ್ದಾಳೆ ನಿರೂಪಕಿ, ನಾವು ಹೆಂಗಸರು ನಮಗೋಸ್ಕರ ಬದುಕೋದು ಯಾವಾಗ, ಚಪ್ಪಾಳೆ, ಎಲ್ಲೂ ಹೋಗಬೇಡಿ, ಒಂದು ಪುಟ್ಟ ವಿರಾಮ, ಆಮೇಲೆ ಬಟ್ಟೆ ಸೋಪು, ಮುಖದ ಕ್ರೀಮು, ಅಂಗಿಯ ಕಾಲರಿನ ಕೊಳೆಗೆ ಮರುಗುವ ಹೆಂಗಸು, ಇದರ ಬಗ್ಗೆ ಟಿವಿ ಮುಂದೆ ಕೂತ ಇವಳು ವಿಶ್ವವಿದ್ಯಾಲಯದ ಪ್ರಬಂಧದಲ್ಲಿ ಒಂದು ಅಧ್ಯಾಯವನ್ನೇ ಬರೆದಿದ್ದಳು, ಹಗಲಿನ ಹರಟೆ ಕಾರ್ಯಕ್ರಮಗಳಲ್ಲಿ ಸ್ತ್ರೀವಾದ, ಸಿಟ್ಟನ್ನು ಹದವಾಗಿ ಕಾಯಿಸಿ ಆರಿಸಿ ಕೊಡುತ್ತಾರೆ, ನೋಡುವವಳು ಸುಮ್ಮನೆ ನುಂಗುತ್ತಾಳೆ ಎಂದು, ಮಾರ್ಗದರ್ಶಕಿ ಮೇಡಂ ಓದಿ ಕನ್ನಡಕ ತೆಗೆದು ಕೇಳಿದ್ದರು, ನೋಡುವವಳನ್ನ ಯಾವತ್ತಾದ್ರೂ ಕೇಳಿದ್ದೀಯೇನಮ್ಮ, ಕೇಳಿರಲಿಲ್ಲ, ನೋಡುವವರು ಮನೆಯಲ್ಲೇ ಇದ್ದರು, ಅತ್ತೆ, ಎದುರಿನ ಕುರ್ಚಿಯಲ್ಲಿ ಕಾಲು ಮಡಚಿ ಕೂತು ದಿನಾ ನಿರೂಪಕಿಯೊಡನೆ ಜಗಳಕ್ಕೇ ಬೀಳುವವರು, ಹೇಳೋದು ಸುಲಭ ಕಣಮ್ಮ, ನಿನ್ನ ಮನೇಲಿ ಪಾತ್ರೆ ಯಾರು ತೊಳೀತಾರೆ ಅದು ಹೇಳು ಮೊದಲು — ಗಂಡ ನಗುತ್ತಿದ್ದ, ರಜೆಯ ದಿನ ಅಮ್ಮ ಹೆಂಡತಿಯ ನಡುವೆ ತೂರಿ ಕೂತು, ಖಾಲಿ ಕಪ್ ಕಣೇ ಅದು, ಬೇಕಾದ್ರೆ ಬೆಟ್ ಕಟ್ಟು, ಇಲ್ಲ ರೀ, ಖಾಲಿ ಕಪ್ ಹಿಡಿದರೆ ಮಣಿಕಟ್ಟು ಹಾಗೆ ಬಾಗಲ್ಲ, ನೀರಾದರೂ ಇರುತ್ತೆ, ಬೆಟ್ ಹಾಗೇ ಉಳಿಯಿತು, ಒಂದು ಬೆಳಿಗ್ಗೆ ಆಫೀಸಿಗೆ ಹೋದವನು ಮೆಟ್ಟಿಲ ಮೇಲೆ ಎದೆ ಹಿಡಿದು ಕೂತನಂತೆ, ಏಳಲಿಲ್ಲವಂತೆ, ಅಲ್ಲಿಂದೀಚೆಗೆ ಜನ ಸದ್ದು ಅಡಗಿಸಿದ ಟಿವಿಯೊಳಗಿನವರ ಹಾಗೆ ಬಾಯಿ ಆಡಿಸುತ್ತ ಓಡಾಡುತ್ತಾರೆ, ತವರಿನಿಂದ ಫೋನು, ನಾಳೆ ಅಣ್ಣ ಬರುತ್ತಾನೆ, ಬಟ್ಟೆ ತುಂಬಿಟ್ಕೋ, ಎಷ್ಟು ದಿನ ಅಂತ ಅತ್ತೆಗೆ ಭಾರವಾಗಿರ್ತೀಯ, ಅವಳು ಇಲ್ಲೇ ಇರ್ತೀನಿ ಎನ್ನಬೇಕಾದರೆ ಇರಬೇಕು ಅನ್ನಿಸಬೇಕಲ್ಲ, ಏನೂ ಅನ್ನಿಸುವುದಿಲ್ಲ, ಆ ಕಪ್ಪಿನಲ್ಲಿ ಏನಿದೆಯೋ ಎಂಬುದೊಂದು ಬಿಟ್ಟು.

ಹಲೋ, ಕೇಳಿಸ್ತಾ ಇದೆಯಾ, ತಲೆನೋವು ಎಂದು ಕೋಣೆ ಸೇರಿದ್ದ ಅತ್ತೆಯ ಸ್ವರ, ಯಾರ ಜೊತೆ ಇವರು, ನಾಲ್ಕೈದು ಉಸಿರಾದ ಮೇಲೆ ಟಿವಿಯಿಂದಲೂ ಅದೇ, ಹಲೋ, ಕೇಳಿಸ್ತಾ ಇದೆಯಾ, ಅತ್ತೆ ನೇರ ಪ್ರಸಾರದ ಈ ಕಾರ್ಯಕ್ರಮಕ್ಕೇ ಫೋನ್ ಮಾಡಿದ್ದಾರೆ, ಆ ಸ್ವರ ಎಲ್ಲೆಲ್ಲೋ ಸುತ್ತಿ ಪಕ್ಕದ ಕೋಣೆಯಿಂದ ಹಾಲ್‌ಗೆ ಬರುತ್ತಿದೆ, ನಡುವೆ ಅಷ್ಟು ಹೊತ್ತು ಎಲ್ಲಿರುತ್ತದೋ, ನನ್ನ ಸೊಸೆ ವಿಷಯ ಕೇಳಬೇಕಿತ್ತು, ಎಂದರು ಕೋಣೆಯಲ್ಲಿ, ಅವಳ ಕೈಯಲ್ಲಿದ್ದ ರಿಮೋಟು ತಣ್ಣಗಾಯಿತು, ಕಳಿಸುವ ಮಾತೇ ಇರಬೇಕು, ಊರಿಗೆಲ್ಲ ಕೇಳಿಸುವ ಹಾಗೆ, ಭಾರ ಅಂತ ಯಾರಮ್ಮ ಅಂದದ್ದು, ಎಂದರು ಅತ್ತೆ, ಸ್ವಲ್ಪ ತಡೆದು ಪರದೆಯಲ್ಲಿ ನಿರೂಪಕಿ ತಲೆ ವಾಲಿಸಿ, ಅವರು ನಿಮಗೆ ಭಾರ ಅನ್ನಿಸ್ತಿದ್ದಾರಾ ಅಮ್ಮ, ಉತ್ತರ ಮೊದಲು, ಪ್ರಶ್ನೆ ಆಮೇಲೆ, ಎಂಥ ತಮಾಷೆ, ನಗು ಬಂದಂತಾಯಿತು, ಬಂತೇ, ಕೋಣೆಯಲ್ಲಿ ಮಾತು ಮುಂದಕ್ಕೆ ಹೋಗಿದೆ, ಮಗ ಹೋದಾಗಿನಿಂದ ಹುಡುಗಿ ಬಾಯಿ ಬಿಟ್ಟು ಏನೂ ಕೇಳಿಲ್ಲಮ್ಮ, ಅನ್ನ ಕೂಡ ಕೇಳಿಲ್ಲ, ಮೊನ್ನೆ ಒಂದೇ ಒಂದು ಕೇಳಿದಳು, ಅವರ ನೀಲಿ ಕಪ್ಪಲ್ಲಿ ಏನಿದೆ ಅತ್ತೆ ಅಂತ, ನಂಗೊತ್ತಿಲ್ಲ ಅಂದುಬಿಟ್ಟೆ, ನಾಳೆ ಅವಳಣ್ಣ ಬರ್ತಾನೆ, ಒಂದು ಪ್ರಶ್ನೆಗೂ ಉತ್ತರ ಕೊಡದೆ ಹೇಗಮ್ಮ ಕಳಿಸಲಿ, ಏನಿದೆ ಅದರಲ್ಲಿ, ತೋರಿಸು — ಕೋಣೆಯಲ್ಲಿ ಹೂಂ, ಹೂಂ, ಫೋನಿನಲ್ಲಿ ನಿರೂಪಕಿ ಹೇಳುತ್ತಿರಬೇಕು, ಆಮೇಲೆ ಓಹೋ ಎಂಬ ಉದ್ಗಾರ, ನಗು, ಅತ್ತೆಗೆ ಗೊತ್ತಾಯಿತು, ಅವಳಿಗಿಂತ ಮೊದಲು ಗೊತ್ತಾಯಿತು, ಹೇಳಬೇಡಿ ಅತ್ತೆ, ನಾನೇ ನೋಡ್ತೀನಿ, ಯಾರದು ಈ ಗಂಟಲು, ಎದ್ದು ನಿಂತಿದ್ದಾಳೆ, ಆ ಕೂಗು ಇನ್ನೂ ಟಿವಿಗೆ ತಲುಪಿಲ್ಲ, ಅಲ್ಲಿ ಈಗಷ್ಟೇ ಅತ್ತೆ ಕೇಳುತ್ತಿದ್ದಾರೆ, ಏನಿದೆ ಅದರಲ್ಲಿ, ತೋರಿಸು, ನಿರೂಪಕಿಯ ಬಾಯಿ ಅರೆತೆರೆದಿದೆ, ವಕೀಲೆ ಅತ್ತ ತಿರುಗಿದ್ದಾಳೆ, ಚಪ್ಪಾಳೆಯಿಲ್ಲ, ಕೈ ಹೊರಟಿತು, ನೀಲಿ ಕಪ್ ಏಳುತ್ತಿದೆ, ತುಟಿಯ ಕಡೆಗಲ್ಲ, ಇವಳ ಕಡೆಗೆ, ಮಣಿಕಟ್ಟು ಬಾಗುತ್ತಿದೆ ರೀ, ನೋಡಿ, ಅಂಚು ವಾಲುತ್ತಿದೆ, ಒಳಗಿನ ಬಿಳುಪು ಒಂದು ಗೆರೆ, ನೀಲಿ ಕಪ್, ಇನ್ನೊಂದು ಚೂರು, ನೀಲಿ ಕಪ್ಪಿನ ಬಾಯಿ —