ಎರಡನೇ ಸಪ್ಪಳ

ಕಣ್ಣ ನಂಬಬ್ಯಾಡ, ಕಿವಿ ನಂಬು ಅಂತ ಶಿವಪುತ್ರಗ ಕಲಿಸಿದಾಂವ ನಾನ. ಇದನ್ನ ಮೊದಲ ಹೇಳಿಬಿಡ್ತೀನಿ, ಆಮ್ಯಾಲ ನೀವು ಏನ ಬೈಯೋದದ ಬೈರಿ.

ನನ್ನ ಹೆಸರು ಶೆಟ್ಟೆಪ್ಪ. ಇಂಡಿ ತಾಲೂಕಿನಾಂವ, ಮುಂಬೈಗೆ ಬಂದು ಮೂವತ್ತೊಂದು ವರ್ಷ ಆತು. ಬೈಕುಲ್ಲಾದಾಗ ಸುಭಾಷ ಸಾಹುಕಾರಂದು ವರ್ಕಶಾಪ್ ಅದ, ಬೆಳಗಾವಿ ಕಡೆಯವ್ರು ಅವ್ರು. ಮೋಟಾರ ಚಾಲೂ ಮಾಡೋ ಪ್ಯಾನಲ್ ಪೆಟ್ಟಿಗಿ ಕಟ್ಟೋದು ನನ್ನ ಕೆಲಸ. ಶಿವಪುತ್ರ ನಮ್ಮ ಬಾಜೂ ಊರಿನಾಂವ. ಇಪ್ಪತ್ತರ ವಯಸ್ಸಿನಾಗ ನನ್ನ ಕೈಕೆಳಗ ಬಂದ, ಹದಿನೆಂಟು ವರ್ಷ ಕೂಡಿ ದುಡದ್ವಿ. ನಾ ಪೆಟ್ಟಿಗಿ ಕಟ್ತಿದ್ದೆ, ಅಂವ ಬಿಲ್ಡಿಂಗಿಗೆ ಹೋಗಿ ರಿಪೇರಿ ನೋಡ್ತಿದ್ದ. ನನಗ ಉಸ್ತಾದ ಅಂತಿದ್ದ. ನನ್ನ ಸಿಟ್ಟು ನೋಡಿ ಮಂದಿ ದೂರ ಸರೀತಿದ್ರು, ಅಂವ ಒಬ್ಬನ "ಉಸ್ತಾದ, ಮೊದಲ ಚಹಾ ಕುಡೀರಿ, ಆಮ್ಯಾಲ ಬೈರಿ" ಅಂತ ನಗ್ತಿದ್ದ.

ಈಗ ಕಿವಿ ಮಾತು. ಪೆಟ್ಟಿಗಿಯೊಳಗ ಕಾಂಟ್ಯಾಕ್ಟರ್ ಅಂತ ಇರತದ. ಅದು ಕರೆಂಟಿನ ಬಾಗಿಲು. ಚಾಲೂ ಬಟನ್ ಒತ್ತಿದ್ರ ಖಟ್ ಅಂತ ಕೂಡತದ, ಮೋಟಾರಿಗೆ ಕರೆಂಟು ಹೋಗತದ. ಬಂದ್ ಬಟನ್ ಒತ್ತಿದ್ರ ಖಟ್ ಅಂತ ಬಿಡತದ, ಕರೆಂಟು ಕಡೀತದ. ಖರೇ ಅಂದ್ರ ಕೈ ಹಾಕೋ ಮೊದಲ ಮೇನ್ ಸ್ವಿಚ್ ಇಳಿಸಬೇಕು, ಟೆಸ್ಟರ್ ಹಚ್ಚಿ ನೋಡಬೇಕು. ಆದ್ರ ಈ ಹಳೇ ಬಿಲ್ಡಿಂಗಿನಾಗ ಪಂಪಿಗೂ ಲಿಫ್ಟಿಗೂ ಒಂದ ಮೇನ್ ಸ್ವಿಚ್. ಇಳಿಸಿದ್ರ ಯಾರೋ ಒಬ್ಬಾಕಿ ಕಾಯಿಪಲ್ಯದ ಚೀಲ ಹಿಡಕೊಂಡು ಲಿಫ್ಟಿನಾಗ ಸಿಗಬೀಳ್ತಾಳ, ಸೆಕ್ರೆಟರಿ ಓಡಿಬಂದು ನಮ್ಮ ಅವ್ವ ಅಪ್ಪನ್ನ ನೆನಸ್ತಾನ. ಪ್ಯಾನಲ್ಲಿನ ದೀಪ ಅಂತೀರೇನು, ಪಂಪ್ ರೂಮಿನ ಹಸಿಗೆ ವರ್ಷದಾಗ ಸುಟ್ಟು ಹೋಗತಾವು. ಅದಕ್ಕ ನಮ್ಮ ಲೈನಿನಾಗ ಕಿವಿ ಒಂದ ಗತಿ ಆಗಿತ್ತು. ಖಟ್ ಕೇಳ್ತು, ಕೈ ಹಾಕು. ಕೇಳಲಿಲ್ಲ, ಕೈ ಕಿಸೆದಾಗ ಇಟಗೋ. ಇದು ತಪ್ಪು ಪಾಠ ಅಂತ ನನಗೂ ಗೊತ್ತಿತ್ತು. ಮೂವತ್ತು ವರ್ಷ ಏನೂ ಆಗಲಿಲ್ಲ ನೋಡ್ರಿ, ಹಿಂಗಾಗಿ ತಪ್ಪ ಸರಿ ಅನ್ನಿಸಲಿಕ್ಕತ್ತಿತ್ತು.

ಕುರ್ಲಾದಾಗ ಹದಿನಾಕು ಮಜಲಿನ ಒಂದು ಸೊಸೈಟಿ. ತಳದಾಗ ಮೂವತ್ತು ಎಚ್‌ಪಿ ಪಂಪ್. ಅದು ಬಂದ್ ಆದಾಗೊಮ್ಮೆ ಮ್ಯಾಲ ಏರಿದ ನೀರು ಪೈಪಿನಾಗ ಹಿಂದಕ್ಕ ಬಡಿದು ಧಡಂ ಅಂತಿತ್ತು, ಗ್ವಾಡಿ ನಡಗತಿತ್ತು. ಎರಡು ಸಲ ಪೈಪಿನ ಜೋಡು ಸೀಳಿತ್ತು. ಸೆಕ್ರೆಟರಿ ಬಂದು "ಏನಾರ ಮಾಡ್ರಿ, ಈ ಸಪ್ಪಳ ನಿಂದ್ರಬೇಕು" ಅಂದ. ನಾ ಸಾಫ್ಟ್ ಸ್ಟಾರ್ಟರ್ ಹಾಕೂಣು ಅಂದೆ. ಹಳೇ ಸ್ಟಾರ್ಟರ್ ಮೋಟಾರಿಗೆ ಒದ್ದು ಎಬ್ಬಿಸತದ, ಒಮ್ಮೆಲೆ ಕೈ ಬಿಡತದ. ಸಾಫ್ಟ್ ಸ್ಟಾರ್ಟರ್ ಹಂಗಲ್ಲ. ಮೆಲ್ಲಕ ಎಬ್ಬಿಸತದ, ಹದಿನೈದು ಸೆಕೆಂಡಿನಾಗ ಮೆಲ್ಲಕ ಮಲಗಿಸತದ. ನೀರು ಬಡಿಯೂದಿಲ್ಲ.

ಆರಿಸೋದರಾಗ ನಾ ಹುಷಾರ ಇದ್ದೆ, ಆ ಸೊಕ್ಕೂ ಇತ್ತು. ಬರೇ ಎಚ್‌ಪಿ ನೋಡಿ ತಗೊಳ್ಳಾಂವ ಹುಚ್ಚ. ಮೋಟಾರಿನ ತಗಡಿನ ಮ್ಯಾಲ ಆಂಪಿಯರ್ ಎಷ್ಟದ ನೋಡಬೇಕು, ತಾಸಿಗೆ ಎಷ್ಟು ಸಲ ಚಾಲೂ ಆಗತದ ಕೇಳಬೇಕು, ರೂಮಿನಾಗ ಸೆಕಿ ಎಷ್ಟದ ನಿಂತು ನೋಡಬೇಕು. ಎಲ್ಲಾ ನೋಡಿದೆ, ಒಂದು ಸೈಜು ದೊಡ್ಡದ ಹಿಡದೆ. ಅಷ್ಟರೊಳಗ ಪೆಟ್ಟಿಗಿದು ತೊಡಕು ಬಂತು. ಹಳೇ ಪೆಟ್ಟಿಗಿ ಸಣ್ಣದು, ಹೊಸಾದು ಕೂಡ್ಸಲಿಕ್ಕ ಗ್ವಾಡಿ ಒಡೀಬೇಕು, ಸೊಸೈಟಿಯವ್ರು ನೀರು ಬಂದ್ ಇಡಲಿಕ್ಕ ಒಂದ ದಿನ ಕೊಟ್ಟಿದ್ರು.

ಸಾಫ್ಟ್ ಸ್ಟಾರ್ಟರಿನಾಗ ಎರಡು ಜಾತಿ. ಒಂದು ಮೋಟಾರಿನ ಮೂರೂ ವಾಯರ್ ಹಿಡಿತದ. ಇನ್ನೊಂದು ಎರಡ ಹಿಡಿತದ, ಮೂರನೇದು ನೆಟ್ಟಗ ಮೋಟಾರಿಗೆ ಹೋಗತದ. ಎರಡು ಕಟ್ಟಾದ್ರ ಮೋಟಾರ ತಿರುಗೂದಿಲ್ಲ, ಖರೇ. ಆದ್ರ ಆ ಮೂರನೇ ವಾಯರಿನಿಂದ ನಿಂತ ಮೋಟಾರಿನ ಮೈತುಂಬ ಕರೆಂಟು ಇದ್ದ ಇರತದ. ಅದಕ್ಕ ಇಂಥಾದರ ಮುಂದ ಮೂರೂ ವಾಯರ್ ಕಡಿಯೋ ಮೇನ್ ಕಾಂಟ್ಯಾಕ್ಟರ್ ಒಂದು ಹಾಕ್ರಿ ಅಂತ ಜೋಡಿ ಬಂದ ಪುಸ್ತಕದಾಗ ಚಿತ್ರ ಸಹಿತ ಬರದಿತ್ತು. ನಾ ಓದಿದ್ದೆ. ಎರಡು ವಾಯರಿನ ಜಾತಿ ಸಣ್ಣದು, ಪೆಟ್ಟಿಗ್ಯಾಗ ಕೂಡತಿತ್ತು. ಮೇನ್ ಕಾಂಟ್ಯಾಕ್ಟರಿಗೆ ಜಾಗ ಇರಲಿಲ್ಲ. ಅದಿಲ್ಲದಿದ್ರೂ ಪಂಪ್ ಓಡತದಲ್ಲ, ಮುಂದ ನೋಡೂಣು ಅಂದೆ, ಬಿಟ್ಟೆ.

ಇನ್ನೊಂದು ಮಾಡಿದೆ. ಮೋಟಾರ ಪೂರ್ತಿ ಓಡಲಿಕ್ಕತ್ತಿದ ಮ್ಯಾಲ ಸ್ಟಾರ್ಟರ್ ಕಾಯಬಾರದು ಅಂತ ಬಾಜೂಕ ಒಂದು ಕಾಂಟ್ಯಾಕ್ಟರ್ ಇಡ್ತಾರ, ಕರೆಂಟು ಅದರಾಗಿಂದ ಹಾದು ಹೋಗಲಿ ಅಂತ. ಬೈಪಾಸ್ ಅಂತೀವಿ. ಹಳೇ ಸ್ಟಾರ್ಟರಿನ ಕಾಂಟ್ಯಾಕ್ಟರ್ ಗಟ್ಟಿ ಇತ್ತು, ಅದನ್ನ ತಗದು ಬೈಪಾಸಿಗೆ ಹಾಕಿದೆ. ಶಿವಪುತ್ರ ಹನ್ನೊಂದು ವರ್ಷ ಕೇಳಿದ ಸಪ್ಪಳ ಅದರದ. ಈಗ ಬಂದ್ ಒತ್ತಿದ್ರ ಮೊದಲ ಅದು ಖಟ್ ಅಂತಿತ್ತು. ಸಪ್ಪಳ ಅದ, ಆದ್ರ ಕರೆಂಟು ಕಡೀತಿರಲಿಲ್ಲ.

ಯಾವ ತಿರುಪು ಎಷ್ಟು ತಿರುವಬೇಕು, ಯಾವ ದೀಪ ಹತ್ತಿದ್ರ ಏನು ಅರ್ಥ, ಎಲ್ಲಾ ಶಿವಪುತ್ರಗ ತಾಸುಗಟ್ಲೆ ಹೇಳಿದೆ. ಈ ಒಂದು ಮಾತು ಹೇಳಲಿಲ್ಲ. ಮುಚ್ಚಿಟ್ಟೆ ಅಂತಲ್ಲ, ನನ್ನ ತಲ್ಯಾಗ ಬರಲೇ ಇಲ್ಲ. ಥೂ, ಆ ತಲಿಗಿಷ್ಟು ಬೆಂಕಿ ಹಚ್ಚಲಿ.

ಸ್ಟಾರ್ಟರ್ ಕೂಡ್ಸಿದ ದಿನ ರಾತ್ರಿ ಅವನ ಖೋಲ್ಯಾಗ ಊಟಕ್ಕ ಕುಂತಿದ್ವಿ. ಅವನ ಹೆಂಡತಿ ಮಹಾದೇವಿ ರೊಟ್ಟಿ ಬಡಿಲಿಕ್ಕತ್ತಿದ್ಲು. ಶಿವಪುತ್ರ ಪಂಪಿನ ಹೊಸ ಆಟ ಆಡಿ ತೋರಿಸಿದ. "ನೋಡ ಮಾದೇವಿ, ಒಂದ ಖಟ್. ಆಮ್ಯಾಲ ಎಮ್ಮಿ ಮಕ್ಕೊಂಡಂಗ ಮೆಲ್ಲಕ ಮಕ್ಕೋತದ. ಮುಂದ ಗಪ್‌ಚಿಪ್. ಒಂದು ಉಸಿರೂ ಇಲ್ಲ." ಆಕಿ ಹಿಟ್ಟಿನ ಕೈಲೆ ಬಾಯಿ ಮುಚ್ಚಿ ನಕ್ಕಳು. ನಾನೂ ನಕ್ಕೆ, ಎರಡು ರೊಟ್ಟಿ ಜಾಸ್ತಿ ತಿಂದೆ.

ಎರಡು ತಿಂಗಳಾದ ಮ್ಯಾಲ ಒಂದು ಬೇಸ್ತವಾರ, ಮುಂಜಾನಿ ಹನ್ನೊಂದಕ್ಕ ಫೋನು ಬಂತು. ಮೋಟಾರಿನಾಗ ವಾಯರ್ ಕಾದ ವಾಸನಿ ಬರ್ತದ ಅಂತ ಶಿವಪುತ್ರನ್ನ ಕರಸಿದ್ರಂತ. ವಾಚಮನ್ ಮೋನಪ್ಪ ಚಹಾ ತರಲಿಕ್ಕ ಹೋಗಿ ಬರೂದರಾಗ ಅಂವ ಮೋಟಾರಿನ ಬಾಜೂಕ ಹಸಿ ನೆಲದ ಮ್ಯಾಲ ಬಿದ್ದಿದ್ದ, ನಟ್ ಬಿಚ್ಚೋ ಪಾನಾ ಕೈಯಾಗ ಹಂಗ ಇತ್ತು. ಮೋನಪ್ಪ ಚೀರಿ ಮೇನ್ ಸ್ವಿಚ್ ಇಳಿಸಿದ. ಪಂಪ್ ಓಡ್ತಿತ್ತೋ ನಿಂತಿತ್ತೋ ಅಂದ್ರ, "ಗಾಬರಿಯಾಗ ನನಗೇನೂ ತಿಳೀಲಿಲ್ಲ" ಅಂದ. ದವಾಖಾನಿಗೆ ಒಯ್ಯೂದರಾಗ ಜೀವ ಹೋಗಿತ್ತು.

ಪೊಲೀಸರು ಪಂಚನಾಮೆ ಬರಕೊಂಡು ಹೋದ್ರು, ಪೆಟ್ಟಿಗ್ಯಾಗ ಏನದ ಅಂತ ಅವರಿಗೇನು ತಿಳೀತದ. ಮರುದಿನ ನಾ ಒಬ್ಬನ ಹೋಗಿ ಪಂಪ್ ಓಡಿಸಿದೆ. ಬಂದ್ ಒತ್ತಿದೆ. ಖಟ್ ಅಂತು. ಮೆಲ್ಲಕ ನಿಂತಿತು. ಟೆಸ್ಟರ್ ಹಚ್ಚಿದೆ. ಮೂರೂ ಕಡೆ ಹತ್ತಿತು. ನಿಂತ ಮೋಟಾರಿನಾಗ ಕರೆಂಟು ಇದ್ದ ಇತ್ತು.

ಸಾಹುಕಾರ್ರಿಗೆ ಹೇಳಿದೆ. "ಶೆಟ್ಟೆಪ್ಪಾ, ಹೋದಾಂವ ಹೋದ. ಇನ್ನೊಬ್ಬಾಂವ ಸಾಯಬಾರದು. ಮೇನ್ ಕಾಂಟ್ಯಾಕ್ಟರ್ ಹಾಕಿಬಿಡು. ಸೋಮವಾರ ಸರಕಾರದ ಕರೆಂಟಿನ ಇನ್‌ಸ್ಪೆಕ್ಟರ್ ಸಾಹೇಬ್ರು ಬರ್ತಾರ" ಅಂದ್ರು. ಎರಡೂ ಮಾತು ಒಂದ ಉಸಿರಿನಾಗ. ನನಗ ಇನ್ನೊಬ್ಬಾಂವ ಸಾಯಬಾರದು ಅನ್ನೋ ಮಾತಷ್ಟ ಕೇಳಿದಂಗ ಮಾಡೋದು ಸುಲಭ ಇತ್ತು. ಕೋಟಿ ಕೊಳ್ಳಿ ಹೊಡದ ಮ್ಯಾಲ ದಿಡ್ಡಿ ಬಾಗಿಲು ಹಾಕಿದ್ರಂತ, ಹಂಗ ನಾ ಶನಿವಾರ ಹೋಗಿ ಹಾಕಿದೆ. ಜಾಗ ಇಲ್ಲ ಅಂದಿದ್ನಲ್ಲಾ? ಎರಡು ಪಟ್ಟಿ ಸರಿಸಿದೆ, ಕೂತಿತು. ಅರ್ಧಾ ತಾಸಿನ ಕೆಲಸ.

ಸೋಮವಾರ ಸಾಹೇಬ್ರು ಬಂದು ತಾವ ಬಂದ್ ಒತ್ತಿದ್ರು, ತಾವ ಟೆಸ್ಟರ್ ಹಚ್ಚಿದ್ರು. ಎಲ್ಲಿಯೂ ಹತ್ತಲಿಲ್ಲ. "ಇದು ಮೊದಲಿಂದ ಹಿಂಗ ಇತ್ತೇನು?" ಅಂತ ನನ್ನ ಮಾರಿ ನೋಡಿದ್ರು. ಹೌದು ಸಾಬ್ ಅಂದೆ. ಅವ್ರು ಬರದ್ರು: ಕೆಲಸಗಾರನ ನಿರ್ಲಕ್ಷ್ಯ, ಮೋಟಾರ ಬಂದ್ ಮಾಡದ ಕೈ ಹಾಕ್ಯಾನ. ಹದಿನೆಂಟು ವರ್ಷದ ಕೆಲಸಗಾರ ಒಂದು ಸಾಲಿನಾಗ ದಡ್ಡ ಆಗಿಬಿಟ್ಟ. ಸತ್ತವನ ತಲಿ ಮ್ಯಾಲ ಗೂಬಿ ಕೂಡ್ಸಿದಾಂವ ನಾನ.

ಹನ್ನೆರಡು ದಿನಕ್ಕ ಮಹಾದೇವಿ ವರ್ಕಶಾಪಿಗೆ ಬಂದ್ಲು. ಒಳಗ ಬಾರವ್ವ ಅಂದ್ರೂ ಬರಲಿಲ್ಲ, ಹೊಸ್ತಿಲದಾಗ ನಿಂತ್ಲು.

"ಅಣ್ಣಾ, ಓಡೋ ಮೋಟಾರಿಗೆ ಕೈ ಹಾಕಿದ್ರು ಅಂತ ಬರದಾರಂತ. ನನ್ನ ಮೈದುನ ಊರಾಗೆಲ್ಲಾ ಅದನ್ನ ಹೇಳ್ಕೋತ ತಿರಗ್ಯಾನ, ಕುಡದಿದ್ದ ಅಂತ ಬ್ಯಾರೆ ಸೇರಿಸ್ಯಾನ. ಮಗಳು ಕೇಳ್ತಾಳ, ಅಪ್ಪಗ ಕೆಲಸ ಬರ್ತಿರಲಿಲ್ಲೇನು ಅಂತ. ಮನ್ಯಾಗ ಫ್ಯಾನ್ ಬಿಚ್ಚೋ ಮುಂದ ಸೈತ ಉಸ್ತಾದ ಹೇಳ್ಯಾನ ಅಂತ ಸುಮ್ನ ನಿಂತು ಕಿವಿ ಕೊಡ್ತಿದ್ರು ಅವ್ರು. ಅವತ್ತ ಅವ್ರು ಸಪ್ಪಳ ಕೇಳಲಿಲ್ಲೇನು?"

ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಿಕೊಂಡಾನಂತ. ನನ್ನ ಕೈ ಸುಮ್ನ ಕಿಸೆದಾಗಿನ ಟೆಸ್ಟರಿಗೆ ಹೋತು. "ಏನೋವ್ವ, ಅವನ ಹಣೆಬರಹ" ಅಂದೆ.

"ಆ ಪೆಟ್ಟಿಗಿ ನನಗ ತೋರಸ್ರಿ" ಅಂದ್ಲು.

ಕುರ್ಲಾಕ್ಕ ಹೋದ್ವಿ. ಮೋನಪ್ಪ ಬಾಗಿಲು ತಗದ. ನೆಲ ಇನ್ನೂ ಹಸೀನ ಇತ್ತು. ಎಲ್ಲಿ ಬಿದ್ದಿದ್ರು ಅಂತ ಕೇಳಿದ್ಲು, ಮೋನಪ್ಪ ಕೈ ಮಾಡಿ ತೋರಿಸಿದ. ಆಕಿ ಕುಂತು ಆ ಜಾಗ ಅಂಗೈಲೆ ಮುಟ್ಟಿದ್ಲು. ಎದ್ದು ಪೆಟ್ಟಿಗಿಗೆ ಕಿವಿ ಹಚ್ಚಿ ನಿಂತ್ಲು. ಶಿವಪುತ್ರ ನಿಲ್ಲತಿದ್ದಂಗ.

"ಚಾಲೂ ಮಾಡ್ರಿ. ಈಗ ಬಂದ್ ಮಾಡ್ರಿ."

ಒತ್ತಿದೆ. ಖಟ್. ಪಂಪ್ ಮೆಲ್ಲಕ ಇಳಿಲಿಕ್ಕ ಹತ್ತಿತು. ಹದಿನೈದು ಸೆಕೆಂಡು ನನ್ನ ಜನ್ಮದಾಗ ಅಷ್ಟು ದೊಡ್ಡವು ಯಾವತ್ತೂ ಆಗಿರಲಿಲ್ಲ. ಪಂಪ್ ನಿಂತಿತು. ಆಮ್ಯಾಲ ಮೇನ್ ಕಾಂಟ್ಯಾಕ್ಟರ್ ಬಿಟ್ಟಿತು.

ಖಟ್.

ಮಹಾದೇವಿ ಕಿವಿ ತಗದು ನನ್ನ ಕಡೆ ತಿರುಗಿದ್ಲು.

"ಎರಡು ಆದ್ವು."

ನಾ ಬಾಗಿಲ ಕಡೆ ಹೆಜ್ಜಿ ಹಾಕಿದೆ.

"ಎರಡು ಸಪ್ಪಳ ಆದ್ವಣ್ಣಾ. ಅವ್ರು ಒಂದ ಅಂದಿದ್ರು. ಒಂದ ಖಟ್, ಮುಂದ ಉಸಿರೂ ಇಲ್ಲ ಅಂದಿದ್ರು. ನೀವೂ ಅಲ್ಲೇ ಕುಂತು ನಕ್ಕೀರಿ. ಈ ಎರಡನೇದು ಯಾವಾಗ ಬಂತು?"

ಆಕಿ ಅಂಗೈಲೆ ಮುಟ್ಟಿದ ಜಾಗ ನೋಡಿದೆ.

"ಅಂವ ಹೋದ ಮೂರನೇ ದಿನಕ್ಕ" ಅಂದೆ. "ನಾನ ಹಾಕಿದೆ. ಮೊದಲ ಹಾಕಬೇಕಾಗಿತ್ತು, ಹಾಕಿರಲಿಲ್ಲ. ಅಂವ ಬಂದ್ ಮಾಡೇ ಕೈ ಹಾಕ್ಯಾನವ್ವ."

ಆಕಿ ಅಳ್ತಾಳ, ಇಲ್ಲಾ ಚಪ್ಪಲಿ ತಗೋತಾಳ ಅಂದಕೊಂಡೆ. ಎರಡೂ ಮಾಡಲಿಲ್ಲ. ಸೆರಗಿಲೆ ಅಂಗೈ ಒರಸಿಕೊಂಡ್ಲು. "ಆ ಸಾಹೇಬ್ರ ಆಫೀಸು ಎಲ್ಲದ?" ಅಂದ್ಲು. ದಾದರ ಅಂದೆ. "ನಡೀರಿ."

ಕುರ್ಲಾ ಸ್ಟೇಶನ್ನಿನಾಗ ಆಕಿ ಲೇಡೀಜ್ ಡಬ್ಬಿ ಹತ್ತಿದ್ಲು, ನಾ ಹಿಂದಿನ ಡಬ್ಬಿ. ಸುಳ್ಳ್ಯಾಕ ಹೇಳ್ಲಿ, ದಾದರ ಬಂದಾಗ ಇಳಿಬಾರದು ಅನ್ನಿಸಿತು. ಲೈಸೆನ್ಸು ಹೋಗತದ, ಜೇಲೂ ಆಗಬಹುದು, ಈ ವಯಸ್ಸಿನಾಗ ನನಗ ಕೆಲಸ ಯಾರು ಕೊಡ್ತಾರ? ಗಾಡಿ ನಿಂತಿತು. ಮಂದಿ ನೂಕಿದ್ರೋ, ನಾನ ಇಳದೆನೋ, ಪ್ಲಾಟಫಾರ್ಮಿನ ಮ್ಯಾಲ ನಿಂತಿದ್ದೆ. ಮುಂದ ಮಹಾದೇವಿ ನಿಂತಿದ್ಲು. ನನ್ನ ನೋಡಿ ಹೊಳ್ಳಿ ನಡದ್ಲು.

ಆಫೀಸಿನಾಗ ಸಾಹೇಬ್ರು ಹಿಂದಿಯೊಳಗ ಏನು ಕೆಲಸ ಅಂತ ಕೇಳಿದ್ರು. ಮಹಾದೇವಿಗೆ ಹಿಂದಿ ಅಷ್ಟಕ್ಕಷ್ಟ, ನನ್ನ ಕಡೆ ಕೈ ಮಾಡಿದ್ಲು. ನಾ ಕೈ ಮುಗದೆ.

"ಸಾಬ್, ನೀವು ಬರದದ್ದು ತಪ್ಪದ. ಶಿವಪುತ್ರ ಸರಿ ಕೇಳಿದ್ದ. ಸುಳ್ಳು ಸಪ್ಪಳ ಕಟ್ಟಿದಾಂವ ನಾನು."

ಅವ್ರು ಕುರ್ಚಿ ತೋರಿಸಿ ಹಾಳಿ ತಗದ್ರು. ಮಹಾದೇವಿ ಕೂಡಲಿಲ್ಲ. ನಾ ಹೇಳೋದು ಮುಗಿಯೂತನಕ, ತಿಳೀಲಾರದ ಭಾಷಾಕ್ಕ ಕಿವಿ ಕೊಟ್ಟು, ನನ್ನ ಬೆನ್ನಿಗೆ ನಿಂತಿದ್ಲು.