ಮುರಿಯದ ಸೂಜಿಗಳು

ಒಳ್ಳೆಯದು ತಾನಾಗಿಯೇ ಬಾಗಿಲು ತಟ್ಟಿದರೆ ಮೊದಲು ಕಿಟಕಿಯಿಂದ ಇಣುಕಿ ನೋಡುವವಳು ಭಾನುಪ್ರಿಯಾ. ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಒಂಬತ್ತು ವರ್ಷ ನಿಂತೇ ಬಟ್ಟೆ ಚೆಕ್ ಮಾಡಿ ಮಂಡಿ ಸವೆಸಿಕೊಂಡವಳಿಗೆ, ಪಕ್ಕದ ಹೊಸ ಫ್ಯಾಕ್ಟರಿಯವರು ಕ್ವಾಲಿಟಿ ಇನ್‌ಚಾರ್ಜ್ ಕೆಲಸ ಕೊಡುತ್ತೇವೆಂದು ಫೋನ್ ಮಾಡಿದ್ದರು. ಕೂರಲು ಕುರ್ಚಿ, ಕೈಕೆಳಗೆ ಹನ್ನೆರಡು ಜನ. ಇಂಟರ್‌ವ್ಯೂ ಮಾತ್ರ ಇಲ್ಲವಂತೆ. ಅದೇಕೆಂದು ಅವಳು ಗಂಡನನ್ನು ಎರಡೆರಡು ಸಲ ಕೇಳಿದಳು.

"ನಿಂಗೆ ಎಲ್ಲದ್ರಲ್ಲೂ ಅನುಮಾನ," ಎಂದ ಗಂಡ ಬೀರೇಶ್. "ಮದ್ವೆಗೆ ಮುಂಚೆ ನಾನು ಕುಡೀತೀನಾ ಅಂತ ನಮ್ಮೂರ ಅಂಗಡಿಯವ್ನನ್ನ ಕೇಳ್ದೋಳು ನೀನು!"

"ಕೇಳಿದ್ದಕ್ಕೇ ಮದ್ವೆ ಆಗಿದ್ದು."

ಅತ್ತೆ ಮುನಿರತ್ನಮ್ಮ ಒಳಗಿನಿಂದಲೇ, "ಮನೆಗೆ ಬಂದ ಲಕ್ಷ್ಮೀನ ಕಾಲಲ್ಲಿ ಒದೀಬ್ಯಾಡ ಕಣವ್ವ," ಎಂದರು.

ಶನಿವಾರ ಅರ್ಧ ದಿನ ರಜೆ ಹಾಕಿ ಹೋದಳು. ಮ್ಯಾನೇಜರ್ ರವಿಚಂದ್ರ ಎದ್ದು ನಿಂತು, "ಬನ್ನಿ ಮೇಡಂ," ಎಂದ. ಇಷ್ಟು ವರ್ಷದಲ್ಲಿ ಯಾವ ಮ್ಯಾನೇಜರೂ ಅವಳಿಗಾಗಿ ಎದ್ದವನಲ್ಲ. ಅನುಮಾನ ಇನ್ನೊಂದು ಗೇಣು ಬೆಳೆಯಿತು.

ನೇಮಕದ ಪತ್ರದ ಜೊತೆ ಅವನು ಒಂದು ಪುಸ್ತಕವನ್ನೂ ಮುಂದಿಟ್ಟ. ಮುರಿದ ಸೂಜಿಗಳ ರಿಜಿಸ್ಟರ್. ಮಿಷಿನ್‌ನಲ್ಲಿ ಸೂಜಿ ಮುರಿದರೆ ಚೂರುಗಳನ್ನೆಲ್ಲ ಹುಡುಕಿ ಇದರಲ್ಲಿ ಟೇಪು ಹಾಕಿ ಅಂಟಿಸಬೇಕು. ಚೂರು ಕೂಡಿ ಪೂರ್ತಿ ಸೂಜಿ ಆದಮೇಲೇ ಹೊಸದು ಕೊಡುವುದು. ಒಂದು ಚೂರು ಸಿಗದಿದ್ದರೂ, ಬಟ್ಟೆಯೊಳಗೇ ಉಳಿದಿರಬಹುದೆಂದು, ಅಲ್ಲಿನ ಬಟ್ಟೆಯೆಲ್ಲ ಪಕ್ಕಕ್ಕೆ. ಈ ಫ್ಯಾಕ್ಟರಿಯಲ್ಲಿ ಹೊಲಿಯುತ್ತಿದ್ದುದು ಕೂಸುಗಳ ಅಂಗಿ.

ಪುಟ ತಿರುಗಿಸಿದಳು. ಎರಡು ತಿಂಗಳ ತಾರೀಖುಗಳ ಮುಂದೆಲ್ಲ ಒಂದೇ ಕೈಬರಹದಲ್ಲಿ 'ಇಲ್ಲ' ಎಂದಿತ್ತು. ಒಂದು ಚೂರೂ ಅಂಟಿಸಿರಲಿಲ್ಲ.

"ಎರಡು ತಿಂಗಳಲ್ಲಿ ಒಂದೂ ಮುರಿದಿಲ್ವಾ ಸಾರ್?"

"ನಮ್ ಟೈಲರ್‌ಗಳು ಅಷ್ಟು ಹುಷಾರು."

ಗಾಜಿನಾಚೆ ಎಂಬತ್ತು ಮಿಷಿನ್ ಓಡುತ್ತಿದ್ದವು. ಅವಳ ಫ್ಯಾಕ್ಟರಿಯಲ್ಲಿ ನಲವತ್ತು ಮಿಷಿನ್ನಿಗೇ ದಿನಕ್ಕೆ ಎರಡು ಮೂರು ಸೂಜಿ ಮುರಿಯುತ್ತಿದ್ದವು. ಇಲ್ಲಿಯ ಸೂಜಿಗಳೇನು ವಜ್ರದವೇ? ಪ್ರತಿ ಪುಟದ ಕೆಳಗೂ ಸೈನಿನ ಜಾಗ ಖಾಲಿ ಬಿಟ್ಟಿತ್ತು.

"ಹಳೇ ಇನ್‌ಚಾರ್ಜ್ ಸೈನ್ ಹಾಕ್ದೆ ಹೊರಟೋದ್ರು. ನೀವ್ ಹಾಕ್ಬಿಡಿ ಮೇಡಂ, ಬರೀ ಫಾರ್ಮಾಲಿಟಿ. ಸೋಮವಾರ ಬಟ್ಟೆ ಕೊಳ್ಳೋ ಬೈಯರ್ ಕಡೆಯವ್ರು ಚೆಕಿಂಗಿಗೆ ಬರ್ತಾರೆ."

ನಾಳೆ ಯಾವುದೋ ಮಗುವಿಗೆ ಚೂರು ಚುಚ್ಚಿದರೆ ಕೇಳುವುದು ಈ ಸೈನಿನವಳನ್ನು. ಅದೆಲ್ಲ ಗೊತ್ತಿದ್ದೂ ಮೂಲೆಯ ಮೆತ್ತನೆ ಕುರ್ಚಿ ನೋಡಿ ಅವಳಿಗೆ ಆಸೆಯಾಯಿತು, ಸುಳ್ಳೇಕೆ ಹೇಳಬೇಕು? ಪೆನ್ನು ಹಿಡಿದೂ ಆಗಿತ್ತು. ಮತ್ತೆ ಕೆಳಗಿಟ್ಟಳು.

"ಯಾಕೋ ಮನಸ್ಸು ಒಪ್ತಿಲ್ಲ ಸಾರ್."

ಯಾಕೆ ಎಂದು ಅವನು ಕೇಳಲೂ ಇಲ್ಲ. ಡ್ರಾಯರ್ ಎಳೆದು ಇನ್ನೊಂದು ಪತ್ರ ತೆಗೆದ. ಅದೇ ಕೆಲಸ, ಅದೇ ಸಂಬಳ. ಹೆಸರಿನ ಜಾಗದಲ್ಲಿ ಮಾತ್ರ ಅಕ್ಷತ ಎಂದಿತ್ತು. ಭಾನುಪ್ರಿಯಾಳ ಪಕ್ಕದ ಟೇಬಲ್ಲಿನಲ್ಲಿ ನಿಂತು ಚೆಕ್ ಮಾಡುವ ಹುಡುಗಿ. ಕೆಲಸ ಕಲಿಸಿದವಳೂ ಇವಳೇ. ತನ್ನ ಕೆಲಸ ನೋಡಿ ಕರೆದರೆಂದುಕೊಂಡಿದ್ದವಳಿಗೆ ಕೆನ್ನೆಗೆ ಹೊಡೆದಂತಾಯಿತು.

ಗೇಟಿನಾಚೆ ಬಂದವಳೇ ಫೋನ್ ಮಾಡಿದಳು.

"ಹೂಂ ಅಕ್ಕ, ನಂಗೂ ಮೂರು ಗಂಟೆಗೆ ಬರೋಕೆ ಹೇಳವ್ರೆ," ಎಂದಳು ಅಕ್ಷತ, ಖುಷಿಯಲ್ಲಿ. ಭಾನುಪ್ರಿಯಾ ಸೂಜಿಯ ವಿಷಯವನ್ನೆಲ್ಲ ಹೇಳಿದಳು. ಅಕ್ಷತಳ ದನಿ ಬದಲಾಯಿತು. "ನಂಗೆ ಸಿಕ್ತಿದೆ ಅಂತ ಹೊಟ್ಟೆಕಿಚ್ಚಾ ಅಕ್ಕ?"

ಇಲ್ಲ ಎನ್ನಲು ಹೊರಟ ಭಾನುಪ್ರಿಯಾಗೆ ಮೂಲೆಯ ಮೆತ್ತನೆ ಕುರ್ಚಿ ನೆನಪಾಯಿತು.

"ಹೌದು ಕಣೇ, ಹೊಟ್ಟೆಕಿಚ್ಚೇ," ಎಂದಳು. "ಆದ್ರೂ ಸೈನ್ ಹಾಕ್ಬೇಡ."