ಮಗ್ಗುಲು

ಹೂಚಕ್ರದ ಮೇಲಿದ್ದ ರೇಷ್ಮೆ ಪಟ್ಟಿಯನ್ನು ಸೊರಾಯ್ದ ಹಿಡಿದು ಎಳೆದಳು. ಅದು ಒಂದೇ ಎಳೆತಕ್ಕೆ ಬರಲಿಲ್ಲ. ಗುಂಡುಪಿನ್ನುಗಳನ್ನು ಕಿತ್ತು, ಹಿಡಿಯಷ್ಟು ಬಿಳಿ ಹೂ ಉದುರಿಸಿ, ಪಟ್ಟಿಯನ್ನು ಉಂಡೆ ಮಾಡಿ ತಂಗಿಯ ಶವಪೆಟ್ಟಿಗೆಯ ಕೆಳಗೆ ಎಸೆದಳು. ಅದರ ಮೇಲೆ ಬಂಗಾರದ ಬಣ್ಣದಲ್ಲಿ 'ತಾಯಿಯನ್ನು ಬಿಟ್ಟುಹೋಗದ ಮಗಳಿಗೆ' ಎಂದು ಬರೆದಿತ್ತು.

"ಅಮ್ಮಾ, ಅದು ವಿಶ್ವವಿದ್ಯಾಲಯದವರು ಕೊಟ್ಟಿದ್ದು" ಎಂದರು ಪ್ರೊಫೆಸರ್ ಲುಹಾನ್. ಸತ್ತ ತಂಗಿ ದೆಲ್ಫಿನ ಪಾಠ ಹೇಳುತ್ತಿದ್ದದ್ದು ಅವರ ವಿಭಾಗದಲ್ಲೇ.

"ಬಂದ ದಾರೀಲೇ ವಾಪಸ್ ತಗೊಂಡೋಗಿ. ಇದು ನನ್ನ ಮನೆ."

"ಇವತ್ತೊಂದು ದಿನ ಜಗಳ ಬೇಡ. ಸತ್ತವರ ಮುಂದೆ…"

"ಬದುಕಿದ್ದಾಗ ಅವಳು ಜಗಳಕ್ಕೆ ಸಿಗಲಿಲ್ಲ ಮೇಷ್ಟ್ರೇ. ಈಗ ಸಿಕ್ಕಿದಾಳೆ."

ಲಿಮಾ ಪಕ್ಕದ ಕಯಾವೊ ಬಂದರಿನ ಆಗಸ್ಟ್ ಮಂಜು ಬಾಗಿಲವರೆಗೂ ಬಂದು ನಿಂತಿತ್ತು. ಗೋಡೆಗುಂಟ ಬಾಡಿಗೆ ಕುರ್ಚಿಗಳ ಮೇಲೆ ಒಂದು ಕಡೆ ಬೀದಿಯವರು, ಇನ್ನೊಂದು ಕಡೆ ದೆಲ್ಫಿನಳ ವಿದ್ಯಾರ್ಥಿಗಳು ಕೂತಿದ್ದರು. ನಡುವೆ ಪೆಟ್ಟಿಗೆ. ಹುಟ್ಟಿದ ಮನೆಯಿಂದಲೇ ಹೆಣ ಹೊರಡಬೇಕೆಂದು ಬೀದಿಯವರು ಹಟ ಹಿಡಿದಿದ್ದರಿಂದ ಸೊರಾಯ್ದ ಬಾಗಿಲು ತೆಗೆದಿದ್ದಳು. ಹತ್ತಾರು ವರ್ಷಗಳಿಂದ ದೆಲ್ಫಿನ ಆ ಹೊಸಿಲು ದಾಟಿರಲಿಲ್ಲ. ಮೊನ್ನೆ ಪಾಠ ಮಾಡುತ್ತಾ ಮಾಡುತ್ತಾ ತರಗತಿಯಲ್ಲೇ ಕುಸಿದವಳು, ಈಗ ನಾಲ್ಕು ಜನರ ಹೆಗಲ ಮೇಲೆ ಒಳಗೆ ಬಂದಿದ್ದಳು.

"ಇವಳೇನಾ ಆ ಅಕ್ಕ?" ವಿದ್ಯಾರ್ಥಿಗಳ ಸಾಲಿನಲ್ಲಿ ಒಬ್ಬ ಪಿಸುಗುಟ್ಟಿದ.

"ಇವಳೇ. ತಾಯಿ ನರಳ್ತಾ ಇರೋವಾಗ ಸೂಟ್‌ಕೇಸ್ ಎತ್ಕೊಂಡು ಹೋದೋಳು."

"ಮುಖದಲ್ಲೇ ಬರೆದಿದೆ ಬಿಡು."

ಕಾಫಿ ಹಂಚುತ್ತಿದ್ದ ಪಕ್ಕದ ಮನೆಯ ಪೆತ್ರೊನಿಲ ತಟ್ಟೆಯನ್ನು ಅವರ ಮೂಗಿನ ಹತ್ತಿರವೇ ಹಿಡಿದಳು. "ಸಾವಿನ ಮನೇಲಿ ಗುಸುಗುಸು ಯಾಕ್ರೋ? ಬೈಯೋದಿದ್ರೆ ಗಟ್ಟಿಯಾಗಿ ಬೈರಿ. ಅವಳೂ ಗಟ್ಟಿಯಾಗೇ ಬೈತಾಳೆ."

*

ದೆಲ್ಫಿನಳಿಗೆ ಚಿಕ್ಕಂದಿನಲ್ಲಿ ಆಟದ ಹುಚ್ಚು ಹಿಡಿದದ್ದು ಬೀದಿಯ ಕೊನೆಯ ಗ್ಯಾರೇಜಿನಲ್ಲಿ. ಅಲ್ಲಿ ಬಿಲ್ಲೆ ಹಾಕಿ ಆಡುವ ವಿಡಿಯೋ ಗೇಮ್ ಯಂತ್ರಗಳಿದ್ದವು. ಬೀದಿಯವರ ಬಾಯಲ್ಲಿ ಅದರ ಹೆಸರೇ 'ಚಟ'. ಹುಡುಗಿ ಎಲ್ಲಿ ಎಂದರೆ ಚಟದಲ್ಲಿದ್ದಾಳೆ ಎನ್ನುತ್ತಿದ್ದರು. ಕರೆತರಲು ಅಮ್ಮ ಸೊರಾಯ್ದಳನ್ನೇ ಅಟ್ಟುತ್ತಿದ್ದಳು. ಪೋಲಿಯೋದಿಂದ ಸೊರಗಿದ ಎಡಗಾಲನ್ನು ಎಳೆದುಕೊಂಡು ಅವಳು ಬಾಗಿಲಲ್ಲಿ ನಿಂತರೆ ಹುಡುಗರೆಲ್ಲ ನಗುತ್ತಿದ್ದರು.

"ಬಾರೇ, ಅಮ್ಮ ಕರೀತಿದಾಳೆ."

"ತಡಿಯೇ. ಇನ್ನೂ ಒಂದು ಜೀವ ಇದೆ." ದೆಲ್ಫಿನ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಅಮ್ಮನಿಗೆ ಲಕ್ವ ಹೊಡೆದ ವರ್ಷವೇ ದೆಲ್ಫಿನಳಿಗೆ ಬ್ಯೂನಸ್ ಐರಿಸ್‌ನಲ್ಲಿ ಓದಲು ಸೀಟು ಸಿಕ್ಕಿತು. ಓದುವುದು ಆಟಗಳ ಬಗ್ಗೆ ಎಂದು ಗೊತ್ತಾದಾಗ ಬೀದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳು ಹೋದಳು. ಸೊರಾಯ್ದ ಉಳಿದಳು.

ಭಾನುವಾರ ಬಂತೆಂದರೆ ದೆಲ್ಫಿನ ಫೋನ್ ಮಾಡುತ್ತಿದ್ದಳು. ಸೊರಾಯ್ದ ವಾರದ ಸಿಟ್ಟನ್ನೆಲ್ಲ ಕೂಡಿಟ್ಟು ಅದರೊಳಗೆ ಸುರಿಯುತ್ತಿದ್ದಳು. ಮಗ್ಗುಲು ಬದಲಾಯಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ, ಗೊತ್ತೇನೇ? ಗಂಜಿ ಕುಡಿಸಿದರೆ ಅರ್ಧ ಕತ್ತಿಗೆ ಇಳಿಯುತ್ತದೆ, ಗೊತ್ತೇನೇ? ನನ್ನನ್ನು ಗುರುತೇ ಹಿಡಿಯದೆ ನಿನ್ನ ಹೆಸರು ಹಿಡಿದು ಕರೆಯುತ್ತಾಳೆ, ಅದು ಗೊತ್ತೇನೇ ನಿನಗೆ? ಆ ಕಡೆಯಿಂದ "ಹೇಳು, ಕೇಳ್ತಿದೀನಿ" ಎನ್ನುತ್ತಿದ್ದಳು ದೆಲ್ಫಿನ. ಅಷ್ಟೇ.

ಅಮ್ಮ ಮಣ್ಣಾದ ಮೇಲೆ ಹಿಂದಿರುಗಿ ಬಂದವಳು ಒಂದು ಆಟ ಮಾಡಿದಳು. ಹೆಸರು 'ಮಗ್ಗುಲು'. ಅದರಲ್ಲಿ ಗುಂಡಿಲ್ಲ, ಗೆಲುವಿಲ್ಲ. ಒಂದು ಕೋಣೆ, ಒಂದು ಅಡುಗೆಮನೆ, ಹಾಸಿಗೆ ಹಿಡಿದ ಮುದುಕಿ. ಅಕ್ಕತಂಗಿಯರಲ್ಲಿ ಒಬ್ಬಳು ಮನೆ ಬಿಟ್ಟು ಹೋಗುತ್ತಾಳೆ; ಆಡುವವರು ಇನ್ನೊಬ್ಬಳಾಗಿ ಉಳಿದು ಮುದುಕಿಗೆ ಉಣಿಸಬೇಕು, ಒರೆಸಬೇಕು, ಮಗ್ಗುಲಿಗೆ ಹೊರಳಿಸಬೇಕು. ಅದಕ್ಕೆ ಹೊರದೇಶದ ಬಹುಮಾನ ಬಂತು, ಹಿಂದೆಯೇ ಲಿಮಾದ ವಿಶ್ವವಿದ್ಯಾಲಯದಲ್ಲಿ ಕೆಲಸವೂ ಬಂತು. ಸಾಹಿತ್ಯ ವಿಭಾಗದ ಹಿರಿಯರೊಬ್ಬರು ತುಂಬಿದ ಸಭೆಯಲ್ಲಿ, "ನಾಳೆ ಗೋಲಿ ಆಡೋರಿಗೂ ಪದವಿ ಕೊಡೋಣ" ಎಂದು ಹಂಗಿಸಿದರು. "ಕೊಡಿ. ಸೋಲೋದನ್ನಾದರೂ ಕಲೀತಾರೆ" ಎಂದಳು ದೆಲ್ಫಿನ. ವಿದ್ಯಾರ್ಥಿಗಳಿಗೆ ಮಾತ್ರ ಅವಳು ಮೆಲ್ಲಗೆ ಹೇಳುತ್ತಿದ್ದ ಮಾತೇ ಬೇರೆ: ಕತೆ ಓದಿದವನು ಅಯ್ಯೋ ಪಾಪ ಅಂತಾನೆ, ಆಡಿದವನ ಕೈ ನೋಯುತ್ತೆ.

ಟೀವಿಯವರು ಕೇಳಿದರು: "ತಾಯಿಯ ಸೇವೆ ಮಾಡಿದ ಆ ಮಗಳು ನೀವೇ ಅಲ್ಲವೇ?" ದೆಲ್ಫಿನ ತನ್ನ ಕೈಗಳನ್ನು ನೋಡಿಕೊಂಡಳು. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ನೋಡಿದವರು ಎಂಥ ವಿನಯ ಎಂದರು. ಪೆತ್ರೊನಿಲಳ ಮನೆಯಲ್ಲಿ ಅದನ್ನು ನೋಡುತ್ತಿದ್ದ ಸೊರಾಯ್ದ ಕೈಯಲ್ಲಿದ್ದ ಲೋಟವನ್ನು ಗೋಡೆಗೆ ಬಡಿದಳು.

ಮರುವಾರ ದೆಲ್ಫಿನ ಲ್ಯಾಪ್‌ಟಾಪ್ ಅವಚಿಕೊಂಡು ಬಾಗಿಲಿಗೆ ಬಂದಳು. "ಒಂದ್ಸಲ ಆಡಿ ನೋಡೇ ಸೊರಾ. ಒಂದೇ ಸಲ."

"ನಿನ್ನ ಚಟ ನಿನ್ನ ಹತ್ರಾನೇ ಇರ್ಲಿ" ಎಂದು ಸೊರಾಯ್ದ ಕದ ಹಾಕಿದಳು. ಅಲ್ಲಿಂದ ಮುಂದೆ ಎರಡು ಬೀದಿಯ ಅಂತರದಲ್ಲಿ ಇಬ್ಬರೂ ಬದುಕಿದರು. ಸಂತೆಯಲ್ಲಿ ಎದುರಾದರೆ ಒಬ್ಬಳು ಮೀನಿನ ಕಡೆ ತಿರುಗುತ್ತಿದ್ದಳು, ಇನ್ನೊಬ್ಬಳು ಈರುಳ್ಳಿಯ ಕಡೆ.

*

ಹೆಣ ಎತ್ತುವ ಹೊತ್ತಾಗುತ್ತಾ ಬಂದಿತ್ತು. ಲುಹಾನ್ ಎದ್ದು ನಿಂತು ಭಾಷಣಕ್ಕೆ ಗಂಟಲು ಸರಿಮಾಡಿಕೊಂಡರು. ಅದನ್ನು ಕೇಳಲಾರದೆ ಸೊರಾಯ್ದ ಅಡುಗೆಮನೆಯತ್ತ ಹೊರಟಳು. ಬಲಗಾಲು ಮುಂದಿಟ್ಟು, ಅರೆಗಳಿಗೆ ನಿಂತು, ಎಡಗಾಲನ್ನು ನೆಲಕ್ಕೆ ಒರೆಸಿಕೊಂಡು ಎಳೆದು, ಮತ್ತೆ ಬಲಗಾಲು.

ವಿದ್ಯಾರ್ಥಿಗಳ ಸಾಲಿನಲ್ಲಿದ್ದ ಯೆಸೆನಿಯ ಎಂಬ ಹುಡುಗಿ ಕುರ್ಚಿಯಿಂದ ಎದ್ದೇಬಿಟ್ಟಳು.

"ಅಮ್ಮಾ, ನಿಮ್ಮ ಕಾಲು… ಅದು ಯಾವಾಗಿಂದ ಹಾಗೆ?"

"ಏನು? ಈಗ ನನ್ನ ಕುಂಟನ್ನೂ ಆಡ್ಕೋಬೇಕಾ?"

"ಅಲ್ಲಮ್ಮಾ. ಆಟದಲ್ಲಿ ನಾವು ನಡೆಯೋದು ಹೀಗೇ." ಹುಡುಗಿ ಸೊರಾಯ್ದಳ ಕಾಲನ್ನೇ ನೋಡುತ್ತಿದ್ದಳು. "ಅವಳು, ಮನೇಲಿ ಉಳಿಯೋಳು, ನಡೆಯೋದು ಹೀಗೇ. ಅರೆಗಳಿಗೆ ನಿಲ್ಲೋದೂ ಹೀಗೇ."

"ಆ ನಿಧಾನ ನಡಿಗೆ ಒಂದು ಸಂಕೇತ. ಅದರ ಬಗ್ಗೆ ನಾನೇ ಒಂದು ಅಧ್ಯಾಯ ಬರೆದಿದೀನಿ" ಎಂದರು ಲುಹಾನ್.

"ಸರ್, ನೀವೇ ನೋಡಿ." ಯೆಸೆನಿಯ ಸೊರಾಯ್ದಳ ಕಡೆ ಕೈ ತೋರಿಸಿದಳು.

ಲುಹಾನ್ ನೋಡಿದರು. ಕೂತರು.

"ಏನು ಹೇಳ್ತಿದೀಯ ನೀನು?" ಸೊರಾಯ್ದ ವಾಪಸ್ ಬಂದಳು. "ಆ ಆಟದಲ್ಲಿ ಅಮ್ಮನ್ನ ನೋಡ್ಕೊಳ್ಳೋಳು ಇವಳಲ್ವಾ?"

"ಇವರೇ ಅಂತ ನಾವೆಲ್ಲ ಅಂದ್ಕೊಂಡಿದ್ವಿ. ಮೇಡಂ ಯಾವತ್ತೂ ಹಾಗೆ ಅಂದಿರಲಿಲ್ಲ."

"ಅಲ್ಲ ಅಂತಾನೂ ಅಂದಿರಲಿಲ್ಲ!" ಸೊರಾಯ್ದ ಪೆಟ್ಟಿಗೆಯ ಮುಚ್ಚಳಕ್ಕೆ ಅಂಗೈಯಿಂದ ಬಡಿದಳು. "ತೋರ್ಸು."

ಹುಡುಗಿ ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಅವಳ ತೊಡೆಯ ಮೇಲಿಟ್ಟಳು. ನಡೆಯಲು ಈ ನಾಲ್ಕು ಕೀ, ಉಳಿದ ಕೆಲಸಕ್ಕೆಲ್ಲ ಈ ಉದ್ದದ ಕೀ ಎಂದಳು. ತೆರೆಯ ಮೇಲೆ ಮಂದ ಬೆಳಕಿನ ಕೋಣೆ ಮೂಡಿತು. ಮುದುಕಿಯೊಬ್ಬಳು ಬಾಯಿ ಬಿಗಿದುಕೊಂಡು ಮಲಗಿದ್ದಳು. ಸೊರಾಯ್ದಳ ಬೆರಳು ತಾಗಿದೊಡನೆ ಕುಂಟು ಹೆಂಗಸು ಚಮಚ ಎತ್ತಿದಳು. ಕೆಳಗೆ ಅಕ್ಷರ ಬಂತು: 'ಬಾಯಿ ತೆಗಿ ಮುದುಕಿ, ಬಂದರಿನ ಕ್ರೇನು ಬಂತು ನೋಡು.'

ಪೆತ್ರೊನಿಲ ಕಾಫಿ ತಟ್ಟೆಯನ್ನು ಕೆಳಗಿಟ್ಟು ಶಿಲುಬೆ ಗುರುತು ಹಾಕಿಕೊಂಡಳು. "ಇದು ನಿನ್ನ ಮಾತೇ ಕಣೇ. ಗೋಡೆ ಆಚೆಯಿಂದ ನಾನು ದಿನಾ ಕೇಳ್ತಿದ್ದೆ."

"ಫೋನಲ್ಲಿ ಹೇಳಿದ್ದೆ." ಸೊರಾಯ್ದ ತೆರೆಯಿಂದ ಕಣ್ಣು ತೆಗೆಯಲಿಲ್ಲ. "ಬೈತಾ ಬೈತಾ ಹೇಳಿದ್ದೆ. ಅಷ್ಟನ್ನೂ ಕೇಳಿಸ್ಕೊಂಡು, ಕದ್ದು, ಇದರೊಳಗೆ ತುಂಬಿದಾಳೆ ಹಲ್ಕಾ ಮುಂಡೆ."

"ಕದ್ದಿದ್ದಲ್ಲಮ್ಮಾ. ತಪ್ಪೊಪ್ಪಿಕೊಂಡಿದಾರೆ. ಆಟದಲ್ಲಿ ಎಲ್ಲಾ ಹೇಳಿದಾರೆ."

"ಆಟದಲ್ಲಿ ಹೇಳಿದ್ರೆ ನನಗೆ ಹೇಳಿದ ಹಾಗಾಯ್ತಾ? ಟೀವೀಲಿ ಕೇಳಿದ್ರಲ್ಲ, ಆಗ ಬಾಯಿಗೆ ಏನು ಬಡಿದಿತ್ತು? ನನ್ನ ಹೆಸರು ಹಿಡಿದು ಒಂದು ಮಾತು. ಒಂದೇ ಮಾತು ಸಾಕಿತ್ತು ಕಣೇ ಹುಡುಗಿ! ಲೋಕವೆಲ್ಲ ಇದನ್ನ ಆಡ್ತಾ ನನ್ನ ಹಾಗೆ ಕುಂಟಿದೆಯಂತೆ. ಕುಂಟಿದ್ದಾದ ಮೇಲೆ ಬಂದು ನನ್ನ ಮನೇಲಿ ಕೂತ್ಕೊಂಡು ನನಗೇ ಉಗೀತಿದೆ."

ಮುಖದಲ್ಲೇ ಬರೆದಿದೆ ಎಂದಿದ್ದ ಹುಡುಗ ತಲೆ ತಗ್ಗಿಸಿದ. ಹೊರಗೆ ಹೆಣದ ಗಾಡಿ ಹಾರ್ನ್ ಮಾಡಿತು. ಬೀದಿಯ ಗಂಡಸರು ಬಂದು ಪೆಟ್ಟಿಗೆಯನ್ನು ಹೆಗಲಿಗೇರಿಸಿದರು.

ತೆರೆಯ ಮೇಲೆ ಬಾಗಿಲಲ್ಲಿ ಇನ್ನೊಬ್ಬಳು ಕಾಣಿಸಿಕೊಂಡಿದ್ದಳು. ಕೆಂಪು ಕೋಟು, ಕೈಯಲ್ಲಿ ಸೂಟ್‌ಕೇಸ್, ಇತ್ತ ಬೆನ್ನು.

"ಇವಳು ಹೋಗೋದು ಯಾವಾಗ?" ಸೊರಾಯ್ದ ತಲೆಯೆತ್ತದೆ ಕೇಳಿದಳು.

"ಈಗ ಅಮ್ಮ ಕೂಗ್ತಾರೆ. ನಾವು ಹಾಸಿಗೆ ಹತ್ರ ಹೋಗಬೇಕು. ತಿರುಗಿ ಬರೋಷ್ಟರಲ್ಲಿ ಅವಳು ಇರಲ್ಲ." ಯೆಸೆನಿಯ ಕಣ್ಣೊರೆಸಿಕೊಂಡಳು. "ಆಡೋರು ಎಲ್ರೂ ಹಾಸಿಗೆ ಹತ್ರ ಹೋಗೇ ಹೋಗ್ತಾರೆ. ಅಮ್ಮ ಕೂಗೋದನ್ನ ಕೇಳಕ್ಕಾಗಲ್ಲ."

"ಹೋಗದಿದ್ರೆ?"

"ನಾವು ಹಾಸಿಗೆ ಹತ್ರ ಹೋಗೋವರೆಗೂ ಇವಳು ಹೀಗೇ ನಿಂತಿರ್ತಾಳೆ."

ಲ್ಯಾಪ್‌ಟಾಪ್‌ನಿಂದ ಮುದುಕಿಯ ಕೂಗು ಶುರುವಾಯಿತು. ಸಣ್ಣ, ಒಡೆದ ದನಿ. ಹೆಗಲು ಕೊಟ್ಟ ಗಂಡಸರು ಹೊಸಿಲ ಹತ್ತಿರ ನಿಂತು ಹಿಂತಿರುಗಿ ನೋಡಿದರು.

"ಸೊರಾಯ್ದಾ, ಏಳಮ್ಮಾ. ಭಾರ ಇದೆ" ಎಂದ ಅವರಲ್ಲೊಬ್ಬ.

ಸೊರಾಯ್ದ ಕೀಗಳ ಮೇಲಿಂದ ಕೈ ತೆಗೆದು ಎದೆಯ ಮೇಲೆ ಕಟ್ಟಿಕೊಂಡಳು.

"ನಿಂತ್ಕೊಳ್ಳೇ ಅಲ್ಲೇ" ಎಂದಳು.

ಗಾಡಿ ಮತ್ತೆ ಹಾರ್ನ್ ಮಾಡಿತು. ಮುದುಕಿ ಕೂಗುತ್ತಲೇ ಇದ್ದಳು. ಕೆಂಪು ಕೋಟಿನವಳು ಬಾಗಿಲಲ್ಲಿ, ಸೂಟ್‌ಕೇಸನ್ನು ಕೆಳಗಿಡದೆ, ತಿರುಗಿ ನೋಡದೆ, ನಿಂತೇ ಇದ್ದಳು.